ಟೆರೇಸಿನಲ್ಲಿ ಕಾಯಿ ಕಚ್ಚದ ಗುಳ್ಳ

ಜನವರಿ ಹನ್ನೆರಡು, ಭಾನುವಾರ, ಬೆಳಗ್ಗೆ ಹತ್ತು ಇಪ್ಪತ್ತು. ಸ್ಪರ್ಧೆಯ ಮೂವರು ಪರೀಕ್ಷಕರು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಲು ಶುರು ಮಾಡಿದ್ದು ಆ ಹೊತ್ತಿಗೆ. ನಮ್ಮಲ್ಲಿ ಲಿಫ್ಟ್ ಇಲ್ಲ. ನಾಲ್ಕು ಮಹಡಿ ಹತ್ತಿ ಟೆರೇಸಿಗೆ ಬಂದವರು ಮೊದಲು ಉಸಿರು ಬಿಡುತ್ತಾರೆ, ಆಮೇಲೆ ಮಾತಾಡುತ್ತಾರೆ. ಅದು ಅಪ್ಪನಿಗೆ ಗೊತ್ತಿತ್ತು. ಟೆರೇಸಿನ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಸ್ಟೀಲ್ ಲೋಟಗಳಲ್ಲಿ ನೀರು ಇಟ್ಟು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕೈ ಹಿಂದೆ ಕಟ್ಟಿ ನಿಂತಿದ್ದರು. ಹೋಟೆಲಿನ ಬಾಗಿಲಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತದ್ದೂ ಹಾಗೆಯೇ.

ಅಪ್ಪ ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಗಲ್ಲಾ, ಕಿಚನ್, ಹುಡುಗರು, ಎಲ್ಲ ಅವರ ಸುಪರ್ದಿ. ಮೂರು ವರ್ಷದ ಹಿಂದೆ ಮಾಲೀಕರ ಮಕ್ಕಳು ಆ ಜಾಗವನ್ನು ಮೊಬೈಲ್ ಅಂಗಡಿಗೆ ಕೊಟ್ಟರು. ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಅಪ್ಪ ನಾಲ್ಕು ಗಂಟೆಗೆ ಎದ್ದು, ಸ್ನಾನ ಮಾಡಿ, ಶರ್ಟು ಹಾಕಿ ಸೋಫಾದ ಮೇಲೆ ಕೂತಿರುತ್ತಿದ್ದರು. ಹೋಗಲು ಜಾಗವೇ ಇರಲಿಲ್ಲ. ಅಡುಗೆಮನೆಯಲ್ಲಿ ಅವರ ಸಲಹೆ ಕೇಳಿ ಕೇಳಿ ಸಾಕಾದ ಅಮ್ಮ ಒಂದು ದಿನ, "ಮೇಲೆ ಟೆರೇಸ್ ಖಾಲಿ ಬಿದ್ದಿದೆಯಲ್ಲ, ಅಲ್ಲಿಗೆ ಹೋಗಿ ಮ್ಯಾನೇಜರ್‌ಗಿರಿ ಮಾಡಿ" ಎಂದಳು. ಅಪ್ಪ ಹೋದರು. ಹಾಗೆ ಶುರುವಾದದ್ದು ನಮ್ಮ ತೋಟ.

ಪರ್ಮಾಕಲ್ಚರ್ ಎಂಬ ಶಬ್ದವನ್ನು ಮನೆಗೆ ತಂದವಳು ನಾನು. ನನ್ನ ಆಫೀಸು ಘಣಸೋಲಿಯಲ್ಲಿ. ಅಲ್ಲಿಯ ಗೆಳತಿಯೊಬ್ಬಳು ಒಂದು ಸ್ಪರ್ಧೆಯ ಮಾಹಿತಿ ಕಳಿಸಿದ್ದಳು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಗಿಡ ಬೆಳೆಸುವವರ ಒಂದು ಬಳಗ ಅದನ್ನು ನಡೆಸುತ್ತದೆ. ಟೆರೇಸ್, ಬಾಲ್ಕನಿ, ಸೊಸೈಟಿಯ ಹಿಂಭಾಗದ ಅಷ್ಟಗಲ ಮಣ್ಣು, ಯಾವುದಾದರೂ ಸರಿ. ಒಂದರ ಕಸ ಇನ್ನೊಂದರ ಊಟವಾಗುವ ಹಾಗೆ, ನೀರು, ಮಣ್ಣು, ಗಿಡ, ಮನುಷ್ಯರು ಒಂದಕ್ಕೊಂದು ಆಸರೆಯಾಗುವ ಹಾಗೆ ಜಾಗವನ್ನು ಹೊಂದಿಸಿರಬೇಕು. ನಾನು ಇದನ್ನು ಓದಿ ಹೇಳಿದಾಗ ಅಪ್ಪ ನಕ್ಕುಬಿಟ್ಟರು.

"ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ ಮಾರಾಯ್ತಿ? ಇದು ಕಿಚನ್ ಸೆಟ್ಟಿಂಗ್. ದಿನಕ್ಕೆ ನೂರು ಸಲ ಬೇಕಾದದ್ದು ಕೈಗೆ ಎಟಕುವಲ್ಲಿ, ವಾರಕ್ಕೊಂದು ಸಲ ಬೇಕಾದದ್ದು ಅಟ್ಟದಲ್ಲಿ. ತೊಳೆಯುವ ಜಾಗ ಮೋರಿ ಪಕ್ಕ. ಅಷ್ಟೇ ಅಲ್ಲವಾ?"

ಅಷ್ಟೇ ಆಗಿತ್ತು. ಅವರ ಟೆರೇಸಿನಲ್ಲಿ ಕರಿಬೇವು, ಕೊತ್ತಂಬರಿ, ಹಸಿಮೆಣಸು ಬಾಗಿಲ ಪಕ್ಕದಲ್ಲೇ. ಅಮ್ಮ ಚಪ್ಪಲಿ ಹಾಕದೆ ಬಂದು ಕೊಯ್ದುಕೊಂಡು ಹೋಗಬಹುದು. ನೀರಿನ ಟಾಂಕಿ ದಿನಾ ಬೆಳಗ್ಗೆ ತುಂಬಿ ಚೆಲ್ಲುತ್ತಿತ್ತು. ಚೆಲ್ಲುವ ನೀರಿಗೆ ಪೈಪು ಕೊಟ್ಟು ಎರಡು ನೀಲಿ ಡ್ರಮ್ಮಿಗೆ ಇಳಿಸಿದ್ದರು. ಡ್ರಮ್ಮುಗಳ ಮೇಲೆ ತಂತಿ ಎಳೆದು ಬಸಳೆ ಹಬ್ಬಿಸಿದ್ದರು. ಬಸಳೆಗೆ ತೇವ ಸಿಕ್ಕಿತು, ಡ್ರಮ್ಮಿಗೆ ನೆರಳು ಸಿಕ್ಕಿತು. ಎಲ್ಲ ಕುಂಡಗಳೂ ಇಟ್ಟಿಗೆಯ ಕಾಲುಗಳ ಮೇಲೆ, ಸ್ಲ್ಯಾಬಿನಲ್ಲಿ ನೀರು ನಿಲ್ಲದ ಹಾಗೆ. ಬಿಲ್ಡಿಂಗಿನ ಹನ್ನೊಂದು ಮನೆಗಳ ತರಕಾರಿ ಸಿಪ್ಪೆ ಮೇಲೆ ಬಂದು ಗೊಬ್ಬರವಾಗಿ, ಬಸಳೆ, ಹರಿವೆ, ಪುದೀನ ಆಗಿ ಅದೇ ಮನೆಗಳಿಗೆ ಇಳಿಯುತ್ತಿತ್ತು.

ನಮಗೆ ಬಹುಮಾನ ಬೇಕಾಗಿದ್ದದ್ದು ಬಹುಮಾನಕ್ಕಾಗಿ ಅಲ್ಲ. ಸೊಸೈಟಿಯವರು ಟೆರೇಸಿನ ಮೇಲೆ ಪೂರ್ತಿ ಪತ್ರಾ ಹಾಕಿಸಲು ಹೊರಟಿದ್ದರು. ಮಳೆಗಾಲದಲ್ಲಿ ಸ್ಲ್ಯಾಬು ಸೋರಬಾರದೆಂದು ಇಲ್ಲಿ ಸಾಲುಸಾಲು ಬಿಲ್ಡಿಂಗುಗಳ ನೆತ್ತಿಗೆ ತಗಡಿನ ಶೀಟು ಏರಿದೆ. ಅದು ಬಂದರೆ ಬಿಸಿಲು ಹೋಯಿತು, ತೋಟ ಹೋಯಿತು. ಸೆಕ್ರೆಟರಿ ಕಾಕಾ ಒಳ್ಳೆಯವರು, ಆದರೆ ಬರೀ ಒಳ್ಳೆಯತನದಿಂದ ಮೀಟಿಂಗ್ ನಡೆಯುವುದಿಲ್ಲ. ಅವರು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದರು: "ಅಣ್ಣಾ, ಹೊರಗಿನ ತಿಳಿದವರು ಯಾರಾದರೂ ಇದು ಚೆನ್ನಾಗಿದೆ ಅಂತ ಬರೆದುಕೊಡಲಿ. ಆಫೀಸಿನ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕ್ತೇನೆ. ಆಮೇಲೆ ಅರ್ಧ ಟೆರೇಸಿಗೆ ಮಾತ್ರ ಪತ್ರಾ ಅಂತ ಮೆಂಬರುಗಳನ್ನು ಒಪ್ಪಿಸೋದು ನನ್ನ ಕೆಲಸ. ಬರೀ ನಿಮ್ಮ ಬಸಳೆ ತೋರಿಸಿದರೆ ಒಪ್ಪೋದಿಲ್ಲ." ಫೆಬ್ರವರಿ ಹದಿನಾರಕ್ಕೆ ಮೀಟಿಂಗ್ ಇತ್ತು.

ಗೆದ್ದವರನ್ನು ಆರಿಸುವ ಕ್ರಮ ಹೀಗಿತ್ತು. ಪರೀಕ್ಷಕರು ಮೂವರು. ಅವರಲ್ಲಿ ಒಬ್ಬರು ಕಡ್ಡಾಯವಾಗಿ ಹಿಂದಿನ ವರ್ಷ ಗೆದ್ದವರು. ಐದು ಕಲಂಗಳು, ಒಂದೊಂದಕ್ಕೆ ಹತ್ತು ಅಂಕ: ನೀರು, ಮಣ್ಣು, ಜಾಗದ ಹೊಂದಾಣಿಕೆ, ಬೆಳೆದದ್ದು ಯಾರ ಬಾಯಿಗೆ ಹೋಗುತ್ತದೆ, ಮತ್ತು ಐದನೆಯದು, ಏನು ಕೆಟ್ಟಿತು, ಅದಕ್ಕೆ ನೀವೇನು ಮಾಡಿದಿರಿ. ಮೂವರ ಅಂಕ ಕೂಡಿಸಿದರೆ ನೂರೈವತ್ತಕ್ಕೆ ಲೆಕ್ಕ. ಗೆದ್ದವರ ಹೆಸರಿನ ಜೊತೆ ಗೆದ್ದ ಕಾರಣವನ್ನೂ ಸಭೆಯಲ್ಲಿ ಓದುತ್ತಾರೆ. ಗೆದ್ದವರು ಒಂದು ವರ್ಷ, ತಿಂಗಳಿಗೊಂದು ಭಾನುವಾರ, ತೋಟವನ್ನು ಬಂದವರಿಗೆ ತೋರಿಸಬೇಕು.

ಐದನೆಯ ಕಲಂ ಅಪ್ಪನಿಗೆ ಅರ್ಥವೇ ಆಗಲಿಲ್ಲ. ಒಂದು ವಾರ ಮುಂಚೆ ನಾನು ಮೂರು ಸಲ ಹೇಳಿದೆ. ಕೆಟ್ಟದ್ದನ್ನು ತೋರಿಸಿದರೆ ಅಂಕ ಕೊಡುತ್ತಾರೆ ಎಂದೆ.

"ಯಾರು? ತಲೆ ಸರಿ ಇದ್ದವರಾ?" ಎಂದರು. "ನೋಡು ಮಗಾ, ದೋಸೆ ಹಿಟ್ಟು ಹುಳಿ ಬಂತು ಅಂತಿಟ್ಟುಕೋ. ಅದು ಕಿಚನ್ನಿನ ಸಮಾಚಾರ. ಗಿರಾಕಿಗೆ ಹೋಗಿ ಹೇಳ್ತೇವಾ? ಒಳಗೆ ಈರುಳ್ಳಿ ಹೆಚ್ಚು, ಹೊರಗೆ ಬೋರ್ಡಿನಲ್ಲಿ ಬರಿ, ಇವತ್ತಿನ ಸ್ಪೆಷಲ್ ಆನಿಯನ್ ಉತ್ತಪ್ಪ. ಗಿರಾಕಿಗೂ ಖುಷಿ, ಹಿಟ್ಟೂ ಹಾಳಾಗಲಿಲ್ಲ. ಇದರಲ್ಲಿ ಫೇಲ್ ಎಲ್ಲಿ ಬಂತು?"

ಹೋಟೆಲಿನವರ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ನಮ್ಮಲ್ಲಿ ಬಂದವರ ಎದುರು "ಇಲ್ಲ" ಎನ್ನುವುದಿಲ್ಲ. ಇಡ್ಲಿ ಮುಗಿದರೆ "ಇಡ್ಲಿ ಇಲ್ಲ" ಎನ್ನುವ ಹುಡುಗ ಬೈಗುಳ ತಿನ್ನುತ್ತಾನೆ. "ಬಿಸಿ ಬಿಸಿ ಬನ್ಸ್ ಇದೆ ಸರ್" ಎನ್ನಬೇಕು.

ಮತ್ತು ಟೆರೇಸಿನಲ್ಲಿ ಒಂದು "ಇಲ್ಲ" ಇತ್ತು. ಮಟ್ಟುಗುಳ್ಳ. ಉಡುಪಿಯ ನಮ್ಮ ಊರ ಕಡೆಯ ಆ ಹಸಿರು ಗುಂಡು ಬದನೆಯ ಬೀಜವನ್ನು ಊರಿನಲ್ಲಿರುವ ಅತ್ತೆ, ಅಪ್ಪನ ತಂಗಿ, ಕಳಿಸಿದ್ದಳು. ಮೂರು ವರ್ಷ, ಮೂರು ಸಲ, ಅಪ್ಪ ಮಳೆ ಕಡಿಮೆಯಾಗುವ ಹೊತ್ತಿಗೆ ಬಿತ್ತಿದರು. ಗಿಡ ಸೊಂಟದೆತ್ತರ ಬರುತ್ತದೆ. ಹೂವೂ ಬರುತ್ತದೆ. ಎರಡು ದಿನ ನಿಂತು, ತೊಟ್ಟು ಹಳದಿಯಾಗಿ ಉದುರುತ್ತದೆ. ಕಾಯಿ ಕಚ್ಚುವುದಿಲ್ಲ. ಮಜ್ಜಿಗೆ ಚಿಮುಕಿಸಿದರು, ಬೂದಿ ಹಾಕಿದರು, ಮಧ್ಯಾಹ್ನ ಹಳೆ ಸೀರೆ ಕಟ್ಟಿ ನೆರಳು ಮಾಡಿದರು. "ಅದಕ್ಕೆ ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕಿಲ್ಲ, ಬಾಗಿಲಲ್ಲೇ ನೇತಾಡಿ ಬಿದ್ದುಹೋಗ್ತಾ ಇದೆ" ಎಂದು ಅಮ್ಮ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಉಳಿದ ಯಾವ ಗಿಡದ ಬಗ್ಗೆ ಯಾರು ಏನು ಹೇಳಿದರೂ ಅವರಿಗೆ ಚಿಂತೆಯಿಲ್ಲ. ಗುಳ್ಳದ ಬಗ್ಗೆ ಮಾತಾಡಬಾರದು.

ಪರೀಕ್ಷಕರು ಬರುವ ಹಿಂದಿನ ದಿನ ಸಂಜೆ ಅಪ್ಪ ಥಾಣೆ ಸ್ಟೇಷನ್ನಿಗೆ ಹೋಗಿ ಬಂದರು. ಊರಿನ ರೈಲಿನಲ್ಲಿ ಬಂದ ಪರಿಚಯದವರ ಕೈಯಲ್ಲಿ ಅತ್ತೆ ಒಂದು ಚೀಲ ಗುಳ್ಳ ಕಳಿಸಿದ್ದಳು. "ಇಷ್ಟು ಮೆಟ್ಟಿಲು ಹತ್ತಿ ಬಂದವರನ್ನು ಒಂದು ಐಟಂ ಕೊಡದೆ ಕಳಿಸ್ಲಿಕ್ಕೆ ಆಗ್ತದಾ?" ಎಂದರು. ಅಷ್ಟೇ ಹೇಳಿದರು. ನನಗೆ "ಹೇಳಬೇಡ" ಎನ್ನಲಿಲ್ಲ. ಹೇಳುತ್ತೇನೆಂದು ಅವರ ತಲೆಗೇ ಬಂದಿರಲಿಲ್ಲ.

ಪರೀಕ್ಷಕರಲ್ಲಿ ಒಬ್ಬರು ಕೃಷಿ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದ ಮೇಡಂ. ಇನ್ನೊಬ್ಬರು ನವಿ ಮುಂಬಯಿಯ ಆರ್ಕಿಟೆಕ್ಟ್. ಹೆಚ್ಚು ಮಾತಿಲ್ಲ, ಎಲ್ಲವನ್ನೂ ಬಗ್ಗಿ ನೋಡುತ್ತಿದ್ದರು. ಮೂರನೆಯವರು ಹಿಂದಿನ ವರ್ಷ ಗೆದ್ದ ಬದಲಾಪುರದ ದಪ್ಪ ಮೀಸೆಯವರು, ತಮಾಷೆಯ ಮನುಷ್ಯ. ಜೊತೆಗೆ ಸೆಕ್ರೆಟರಿ ಕಾಕಾ. ಮಾತೆಲ್ಲ ಹಿಂದಿ, ಮರಾಠಿ ಬೆರೆಸಿ ನಡೆದದ್ದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ಮುಕ್ಕಾಲು ಗಂಟೆ ಅಪ್ಪನದು. ಟಾಂಕಿಯ ಪೈಪಿನಿಂದ ಶುರು ಮಾಡಿ, ನೀರಿನ ಹಿಂದೆಯೇ ಅವರನ್ನು ನಡೆಸಿಕೊಂಡು ಹೋದರು. ಎಲ್ಲಿ ನೀರು ನಿಂತಿತೋ ಅಲ್ಲಿ ನಿಂತರು. "ಇದು ಸ್ಟೋರ್ ರೂಮು, ಇದು ಒಲೆ, ಇದು ಸರ್ವಿಸ್ ಕೌಂಟರ್" ಎಂದು ಕೈಯಲ್ಲೇ ಟೆರೇಸನ್ನು ಹೋಟೆಲು ಮಾಡಿ ತೋರಿಸಿದರು. ಬದಲಾಪುರದವರು, "ಕಾಕಾ, ನಾನು ಎರಡು ಕೋರ್ಸು ಮಾಡಿ ಕಲಿತದ್ದನ್ನು ನೀವು ಸಾಂಬಾರು ಬಡಿಸುತ್ತಾ ಕಲಿತಿದ್ದೀರಿ, ನನ್ನ ಫೀಸು ವಾಪಸು ಕೊಡಿಸಿ" ಎಂದರು. ಅಪ್ಪನ ಮುಖ ಅರಳಿತು.

ಆಮೇಲೆ ಅಮ್ಮ ಕೆಳಗಿನಿಂದ ಪೋಡಿ ಕಳಿಸಿದಳು. ಗುಳ್ಳವನ್ನು ತೆಳ್ಳಗೆ ಹೆಚ್ಚಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮೇಡಂ ಒಂದು ಕಚ್ಚಿ, "ಇದು ಯಾವ ಬದನೆ? ಇಷ್ಟು ಮೆತ್ತಗಿದೆ! ಇಲ್ಲಿಯದೇ?" ಎಂದು ಕೇಳಿದರು.

ಅಪ್ಪ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. "ಫ್ರೆಶ್, ಮೇಡಂ. ಪೂರಾ ಫ್ರೆಶ್" ಎಂದರು.

ಮೇಡಂ ನಾಲ್ಕನೆಯ ಕಲಂನಲ್ಲಿ ಏನೋ ಬರೆದುಕೊಂಡರು. ಆಮೇಲೆ ಐದನೆಯದಕ್ಕೆ ಬಂದರು.

"ಈಗ ಹೇಳಿ, ಏನು ಕೆಟ್ಟಿತು?"

"ಏನೂ ಇಲ್ಲ ಮೇಡಂ. ದೇವರ ದಯೆ."

"ಒಂದು ಗಿಡವೂ ಸಾಯಲಿಲ್ಲವೇ?"

"ಎಲ್ಲ ಫಸ್ಟ್ ಕ್ಲಾಸ್."

ಬದಲಾಪುರದವರು ದಾರಿ ಮಾಡಿಕೊಡಲು ನೋಡಿದರು. "ಕಾಕಾ, ನನ್ನ ಟೊಮೆಟೊ ಎಲ್ಲ ಬಿಳಿ ಹುಳ ಬಂದು ಹೋಗಿತ್ತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅಂಥದ್ದು ಏನಾದರೂ?"

"ಛೆ ಛೆ. ನಮ್ಮಲ್ಲಿ ಅಂಥದ್ದು ಬರಲಿಕ್ಕೆ ಬಿಡುವುದಿಲ್ಲ ಸರ್."

ಮೇಡಂ ಐದನೆಯ ಚೌಕದಲ್ಲಿ ಪೆನ್ನು ಇಟ್ಟರು. ಆ ಪೆನ್ನಿನ ಮೊನೆ ನನಗೆ ಈಗಲೂ ಕಾಣುತ್ತದೆ. ಹಿಂದಿನ ವರ್ಷದ ಫಲಿತಾಂಶ ನೋಡಿದ್ದೆ. ಮೊದಲಿನವರಿಗೂ ಎರಡನೆಯವರಿಗೂ ಇದ್ದ ಅಂತರ ಆರು ಅಂಕ. ಇಲ್ಲಿ ಮೂವತ್ತು ಹೋಗುತ್ತಿತ್ತು. ಪತ್ರಾದ ಶೀಟು ತಲೆಯ ಮೇಲೆ ಬಂದಂತೆಯೇ ಅನ್ನಿಸಿತು. ನಾನು ಬಾಯಿ ತೆರೆದೆ.

ಮೊದಲು ಹೇಳಿದ್ದು ಗೊಬ್ಬರದ ಡ್ರಮ್ಮಿನ ಕತೆ. ಶುರುವಿನ ವರ್ಷ ಅಪ್ಪ ಒಬ್ಬ ಹಳೆಯ ಸ್ನೇಹಿತರ ಹೋಟೆಲಿನಿಂದ ಉಳಿದ ಅನ್ನ, ವಡೆ, ಎಣ್ಣೆಪಲ್ಯ ಎಲ್ಲ ತಂದು ಒಂದೇ ಡ್ರಮ್ಮಿಗೆ ತುಂಬಿದ್ದರು. "ಗಿಡಗಳೂ ಸ್ವಲ್ಪ ಚೆನ್ನಾಗಿ ಊಟ ಮಾಡಲಿ" ಎಂದು. ಎಂಟು ದಿನಕ್ಕೆ ಮುಚ್ಚಳ ತಾನಾಗಿ ಎದ್ದು, ಹುಳ ಮೆಟ್ಟಿಲಿಳಿದು ಮೂರನೇ ಮಹಡಿಯ ಬಾಗಿಲವರೆಗೆ ಹೋಗಿತ್ತು. ಆಮೇಲೆ ಅಪ್ಪ ಒಣ ಎಲೆ, ತೆಂಗಿನ ನಾರು ಸೇರಿಸುವುದನ್ನೂ ಎಣ್ಣೆಯದ್ದು ಬೇಡ ಎನ್ನುವುದನ್ನೂ ಕಲಿತರು. ಎಲ್ಲರೂ ನಕ್ಕರು. ಸೆಕ್ರೆಟರಿ ಕಾಕಾ, "ಆ ವಾಸನೆ! ನಾನು ನಾಲಾ ಒಡೆದಿದೆ ಅಂತ ಪಾಲಿಕೆಗೆ ಫೋನ್ ಮಾಡಿದ್ದೆ" ಎಂದರು. ಅಪ್ಪನೂ ನಕ್ಕರು, ಸ್ವಲ್ಪ ಕಷ್ಟದಿಂದ. "ಸಣ್ಣವಳು, ಬೇಡದ್ದೆಲ್ಲ ನೆನಪಿಡ್ತಾಳೆ" ಎಂದರು. ಮೇಡಂ ಬರೆದರು. ಉಳಿದಿಬ್ಬರೂ ಬರೆದರು.

ಅಲ್ಲಿಗೆ ನಿಲ್ಲಿಸಬಹುದಿತ್ತು.

ಮೇಡಂ ತಲೆಯೆತ್ತಿ ನನ್ನನ್ನೇ ನೋಡಿ, "ಶಹಬ್ಬಾಸ್. ಇನ್ನೇನಾದರೂ?" ಎಂದರು. ಆ ಶಹಬ್ಬಾಸ್ ನನ್ನನ್ನು ಕೆಡಿಸಿತು. ಸುಳ್ಳು ಬರೆಸಿಕೊಂಡ ಅಂಕ ನಮಗೆ ಬೇಡ ಎಂಬ ಪ್ರಾಮಾಣಿಕತೆಯಿಂದ ಹೇಳಿದೆ ಎಂದು ಆಮೇಲೆ ಎಷ್ಟೋ ಜನ ಹೇಳಿದ್ದಾರೆ. ಹಾಗಲ್ಲ. ಪೆನ್ನುಗಳು ಓಡುತ್ತಿದ್ದವು, ಎಲ್ಲರೂ ನನ್ನನ್ನು ನೋಡುತ್ತಿದ್ದರು, ನನಗೆ ಇನ್ನೊಂದು ಉತ್ತರ ಗೊತ್ತಿತ್ತು. ಕ್ಲಾಸಿನಲ್ಲಿ ಕೈ ಎತ್ತುವವಳ ಖುಷಿ ಅದು.

"ನೀವು ತಿನ್ನುತ್ತಿರುವ ಬದನೆ ಇಲ್ಲಿಯದಲ್ಲ" ಎಂದೆ. "ನಿನ್ನೆ ಊರಿನಿಂದ ರೈಲಿನಲ್ಲಿ ಬಂದದ್ದು. ಇಲ್ಲಿ ಮೂರು ವರ್ಷದಿಂದ ಒಂದು ಕಾಯಿಯೂ ಆಗಿಲ್ಲ."

ಬದಲಾಪುರದವರ ಕೈ ಬಾಯಿಯ ಹತ್ತಿರ ಹಾಗೆಯೇ ನಿಂತಿತು. ಸೆಕ್ರೆಟರಿ ಕಾಕಾ ಟಾಂಕಿಯ ಕಡೆ ನೋಡಿದರು. ಅಪ್ಪ ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಕೈಗೆತ್ತಿಕೊಂಡು, ಹೋಟೆಲಿನ ಅದೇ ದನಿಯಲ್ಲಿ, "ಇನ್ನೊಂದು ಹಾಕಲಾ ಸರ್? ಬಿಸಿ ಇದೆ" ಎಂದು ಮೂವರಿಗೂ ಕೇಳಿದರು. ಮೂವರೂ ಒಂದೊಂದು ತೆಗೆದುಕೊಂಡರು. ಬೇಡ ಎನ್ನಲು ಅವರಿಗೂ ಆಗಲಿಲ್ಲ. ಆಮೇಲೆ ಅಪ್ಪ, "ಎಣ್ಣೆ ನೋಡಿ ಬರ್ತೇನೆ" ಎಂದು ಕೆಳಗಿಳಿದರು. ವಾಪಸು ಬರಲಿಲ್ಲ. ಗುಳ್ಳದ ಗಿಡಗಳನ್ನು ನಾನು ತೋರಿಸಿದೆ. ಮೇಡಂ ನಾಲ್ಕನೆಯ ಕಲಂನಲ್ಲಿ ಬರೆದ ಒಂದು ಸಾಲನ್ನು ಹೊಡೆದುಹಾಕಿ, ಐದನೆಯದರಲ್ಲಿ ಮತ್ತೇನೋ ಬರೆದರು.

ಕೆಳಗೆ ಹೋದಾಗ ಒಲೆ ಆರಿತ್ತು. ಅಪ್ಪ ಕೈಕಾಲು ತೊಳೆದು ಮಲಗಿದ್ದರು. ಅಮ್ಮ ಕೇಳಿದಳು, "ಎಂಥ ಹೇಳಿದೆ ನೀನು ಮೇಲೆ? ಪೋಡಿ ಚೆನ್ನಾಗಿರಲಿಲ್ಲವಾ?" ನಾನು ಹೇಳಿದೆ. ಅಮ್ಮ, "ಊಟಕ್ಕೆ ಕೂತವರ ಎದುರು ಹೇಳಿದೆಯಾ?" ಎಂದಳು. ಅಷ್ಟೇ ಕೇಳಿದಳು. ಅವಳಿಗೂ ಅದೇ ದೊಡ್ಡದಾಗಿ ಕಂಡದ್ದು.

ಫೆಬ್ರವರಿ ಎರಡು, ಭಾನುವಾರ ಸಂಜೆ. ಥಾಣೆಯ ವರ್ತಕ ನಗರದ ಒಂದು ಶಾಲೆಯ ಹಾಲಿನಲ್ಲಿ ಸಭೆ. ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಅದೇ ಬಿಳಿ ಶರ್ಟು. ನಮಗೆ ಮೊದಲ ಬಹುಮಾನ ಎಂದು ಕೂಗಿದಾಗ ನಾವಿಬ್ಬರೂ ಮೇಲೆ ಹೋದೆವು. ಅಪ್ಪನ ಕೈಗೆ ಒಂದು ಹಲಸಿನ ಸಸಿ, ನನ್ನ ಕೈಗೆ ಪ್ರಮಾಣಪತ್ರ. ಆಮೇಲೆ ಕಾರಣ ಓದಿದರು. ನೀರಿನ ಹಾದಿ ಚೆನ್ನಾಗಿದೆ ಎಂದು ಒಂದು ಸಾಲು. ಹನ್ನೊಂದು ಮನೆಗಳ ಸಿಪ್ಪೆಯ ಬಗ್ಗೆ ಒಂದು ಸಾಲು. ಉಳಿದದ್ದೆಲ್ಲ ಗುಳ್ಳ. ಬಾಯಲ್ಲಿ ತುತ್ತು ಇರುವಾಗಲೇ ಇದು ನಮ್ಮದಲ್ಲ ಎಂದು ಹೇಳಿದ ಮಗಳು, ಅಂಥ ಮಗಳನ್ನು ಬೆಳೆಸಿದ ತಂದೆ, ನೆಲದ ಜೊತೆ ಕೆಲಸ ಮಾಡುವವರಿಗೆ ಬೇಕಾದದ್ದು ಈ ಪ್ರಾಮಾಣಿಕತೆ, ಹೀಗೆ. ಹಾಲು ತುಂಬ ಚಪ್ಪಾಳೆ. ಅಪ್ಪ ಸಸಿಯನ್ನು ಎದೆಗೆ ಒತ್ತಿ ಹಿಡಿದು, ಗಲ್ಲಾದ ಹಿಂದೆ ಕೂತವರ ನಗು ನಗುತ್ತಾ ನಿಂತಿದ್ದರು.

ಕೆಳಗಿಳಿದು ಬರುವಾಗ ಕಲ್ಯಾಣದಿಂದ ಬಂದಿದ್ದ ಒಬ್ಬರು ಅಪ್ಪನ ಹೆಗಲಿಗೆ ಕೈ ಹಾಕಿದರು. ಹೋಟೆಲಿಗೆ ದಿನಾ ಬರುತ್ತಿದ್ದ ಗಿರಾಕಿ. "ಅರೇ ಅಣ್ಣಾ! ಗುರುತು ಸಿಕ್ಕಿತಾ? ಹದಿನೈದು ವರ್ಷ ನಿಮ್ಮ ಕೈಯಲ್ಲೇ ತಿಂದಿದ್ದೇನೆ. ಈಗ ಡೌಟು ಬಂತು ನೋಡಿ, ಆ ಸಾಂಬಾರಿನಲ್ಲಿ ಎಲ್ಲೆಲ್ಲಿಯದ್ದು ಹಾಕಿದ್ದಿರೋ!" ಎಂದು ಜೋರಾಗಿ ನಕ್ಕರು. ಸುತ್ತಲಿನ ನಾಲ್ಕು ಜನ ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪ ಕೈಮುಗಿದು, "ಮನೆಗೆ ಬನ್ನಿ ಸರ್, ಮತ್ತೆ ಹಾಕ್ತೇನೆ" ಎಂದರು.

ಥಾಣೆಯಿಂದ ಡೊಂಬಿವಲಿಗೆ ಲೋಕಲ್‌ನಲ್ಲಿ ನಿಂತು ಬಂದೆವು. ಅಪ್ಪ ಸಸಿಯನ್ನು ಜನರ ಮಧ್ಯೆ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಕಳವಾ, ಮುಂಬ್ರಾ ದಾಟಿತು. ದಿವಾ ಬಂದಾಗ ನನ್ನ ಕಡೆ ತಿರುಗದೆಯೇ ಹೇಳಿದರು:

"ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ಪ್ಲೇಟು ಟೇಬಲಿನಿಂದ ವಾಪಸು ಬಂದದ್ದಿಲ್ಲ ಮಗಾ."

ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ನಾನು ಪ್ರಮಾಣಪತ್ರ ಮುದುಡದ ಹಾಗೆ ಹಿಡಿದುಕೊಂಡೆ.

ಹದಿನಾರರ ಮೀಟಿಂಗಿನಲ್ಲಿ ಸೆಕ್ರೆಟರಿ ಕಾಕಾ ಮಾತು ಉಳಿಸಿಕೊಂಡರು. ಪ್ರಮಾಣಪತ್ರ ಗೋಡೆಗೆ ಏರಿತು. ಪತ್ರಾ ಮೆಟ್ಟಿಲಿನ ಕಡೆಯ ಅರ್ಧಕ್ಕೆ ಮಾತ್ರ ಎಂದು ಬರೆದುಕೊಂಡರು. ಬಾಗಿಲ ಪಕ್ಕದ ಕುಂಡಗಳನ್ನು ಆಚೆಗೆ ಸರಿಸಿದರಾಯಿತು. ತೋಟ ಉಳಿಯಿತು. ಅಪ್ಪ ಆ ದಿನವೇ ಟೆರೇಸಿನ ಕೀಲಿಯನ್ನು ಜೇಬಿನಿಂದ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿದರು. "ನಿನ್ನದೇ ತೋಟ ಈಗ, ನೀನೇ ಗೆದ್ದದ್ದು" ಎಂದರು. ಕೋಪದ ದನಿಯಲ್ಲ. ಚಾರ್ಜು ಕೊಟ್ಟು ಹೋಗುವ ಮ್ಯಾನೇಜರಿನ ದನಿ.

ಆಫೀಸಿಗೆ ಹೊರಡುವ ಮುಂಚೆ ನಾನು ಮೇಲೆ ಹೋಗಿ ನೀರು ಬಿಡುತ್ತೇನೆ. ಅಪ್ಪ ಮತ್ತೆ ನಾಲ್ಕಕ್ಕೆ ಎದ್ದು ಸೋಫಾದಲ್ಲಿ ಕೂರುತ್ತಾರೆ. ನನ್ನ ಕೈಯಲ್ಲಿ ಮೊದಲ ತಿಂಗಳಲ್ಲೇ ಹಸಿಮೆಣಸಿನ ಎರಡು ಕುಂಡ ಹೋದವು. ಹೇಳಲು ಧೈರ್ಯವಾಗಲಿಲ್ಲ. ಹೊಸ ಸಸಿ ತಂದು ಅದೇ ಕುಂಡದಲ್ಲಿ ನೆಟ್ಟೆ. ನೆಟ್ಟು ಮಣ್ಣು ಒತ್ತುವಾಗ, ನಾನೂ ಆನಿಯನ್ ಉತ್ತಪ್ಪ ಮಾಡುತ್ತಿದ್ದೇನೆ ಎಂದು ಹೊಳೆಯಿತು.

ನಿಯಮದಂತೆ ತಿಂಗಳಿಗೊಂದು ಭಾನುವಾರ ಜನ ಬರುತ್ತಾರೆ. ಬಂದವರು ಪೈಪು ನೋಡುವುದಿಲ್ಲ, ಡ್ರಮ್ಮು ನೋಡುವುದಿಲ್ಲ. "ಆ ಬದನೆ ಎಲ್ಲಿ?" ಎನ್ನುತ್ತಾರೆ. ಕಾಯಿ ಇಲ್ಲದ ಗಿಡದ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಗುವ ಸದ್ದು ಮೆಟ್ಟಿಲಿನಲ್ಲಿ ಕೆಳಗೆ ಇಳಿದು ನಮ್ಮ ಮನೆಯ ಹಾಲಿಗೆ ನೇರ ಬರುತ್ತದೆ.

ಮಾರ್ಚಿನ ಭಾನುವಾರ ಬದಲಾಪುರದವರು ಮತ್ತೆ ಬಂದಿದ್ದರು. ನನಗೆ ಅಂಕಪಟ್ಟಿ ಅಷ್ಟರಲ್ಲಿ ಸಿಕ್ಕಿತ್ತು. ನಮ್ಮದು ನೂರ ಮೂವತ್ತೊಂದು, ಎರಡನೆಯವರದು ನೂರ ಇಪ್ಪತ್ತನಾಲ್ಕು. ಐದನೆಯ ಕಲಂನಲ್ಲಿ ಮೂವರೂ ಒಂಬತ್ತನ್ನು ಹೊಡೆದುಹಾಕಿ ಹತ್ತು ಮಾಡಿದ್ದರು. ಅದೇನೆಂದು ಕೇಳಿದೆ.

"ಒಂಬತ್ತು ನಿನ್ನ ಡ್ರಮ್ಮಿಗೆ, ಬೇಟಾ" ಎಂದರು. "ಅದು ಮೊದಲೇ ಬರೆದಾಗಿತ್ತು. ಬದನೆಗೆ ಒಂದೊಂದು ಸೇರಿಸಿದೆವು."

"ಮತ್ತೆ ಸಭೆಯಲ್ಲಿ ಬರೀ ಬದನೆಯನ್ನೇ ಓದಿದಿರಿ?"

"ಕೂತವರು ಕೇಳಬೇಕಲ್ಲ! ಪೈಪಿನ ಕತೆಗೆ ಯಾರು ಚಪ್ಪಾಳೆ ಹೊಡೀತಾರೆ?"

ಮೂರು ಅಂಕ. ಅವು ಇಲ್ಲದಿದ್ದರೂ ನೂರ ಇಪ್ಪತ್ತೆಂಟು, ಆಗಲೂ ಮೊದಲ ಸ್ಥಾನವೇ. ತೋಟ ಡ್ರಮ್ಮಿನ ಕತೆಯಿಂದಲೇ ಉಳಿದಿತ್ತು. ಅಪ್ಪನನ್ನು ನಾನು ಬಿಟ್ಟುಕೊಟ್ಟದ್ದು ಏನೂ ಅಲ್ಲದ್ದಕ್ಕೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಹಾಗಾಗಿ ಯಾವ ಮಾತಿಗೆ ಕ್ಷಮೆ ಕೇಳುವುದು ಎಂದು ಇವತ್ತಿಗೂ ತಿಳಿಯದು. ಅವರನ್ನು ಕಂಡಾಗಲೆಲ್ಲ ಮುಖ ಮಾತ್ರ ಬಿಸಿಯಾಗುತ್ತದೆ.

ಇದನ್ನೆಲ್ಲ ನಮ್ಮ ಕನ್ನಡ ಸಂಘದ ಸಂಚಿಕೆಗೆ ಬರೆಯಬೇಕೆಂದು ಅನ್ನಿಸಿದಾಗ ಮೊದಲು ಅಪ್ಪನನ್ನು ಕೇಳಿದೆ. ಈ ಸಲ ಅವರನ್ನು ಕೇಳದೆ ಮೂರನೆಯವರಿಗೆ ಹೇಳಬಾರದೆಂದು. ಸೋಫಾದಲ್ಲಿ ಕೂತು ಪೇಪರು ನೋಡುತ್ತಿದ್ದರು.

"ಹೆಸರು ಹಾಕ್ತೀಯಾ?"

"ಯಾರದೂ ಹಾಕುವುದಿಲ್ಲ."

"ಹೋಟೆಲಿನದ್ದು?"

"ಅದೂ ಇಲ್ಲ."

ಪೇಪರು ಮಡಚಿದರು. "ಪೋಡಿ ಚೆನ್ನಾಗಿತ್ತು ಅಂತ ಬರಿ. ಮೂವರೂ ಎರಡನೇ ಸಲ ತೆಗೆದುಕೊಂಡರು."

ಬರೆಯುತ್ತೇನೆ ಎಂದೆ. ಪೋಡಿ ನಿಜಕ್ಕೂ ಚೆನ್ನಾಗಿತ್ತು.

ಮಾತು ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಕೇಳಿದರು: "ಅದನ್ನು ಯಾರು ಓದ್ತಾರೆ? ನಮ್ಮ ಊರ ಕಡೆಯವರಾ?"

"ಹೆಚ್ಚಿನವರು ಅವರೇ."

ಅಪ್ಪ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದರು. "ಹಾಗಾದರೆ ಕಡೆಯಲ್ಲಿ ಕೇಳು. ಹೂ ಎರಡು ದಿನ ನಿಲ್ತದೆ, ಮೂರನೇ ದಿನ ತೊಟ್ಟು ಹಳದಿ. ನೀರು ಹೆಚ್ಚಾದದ್ದಲ್ಲ, ನೋಡಿದ್ದೇನೆ. ಎಲೆಯಲ್ಲಿ ಹುಳವಿಲ್ಲ." ಪೇಪರನ್ನು ಇನ್ನೊಂದು ಸಲ ಮಡಚಿದರು. "ಯಾಕೆ ಅಂತ ನನಗೆ ಗೊತ್ತಾಗಲಿಲ್ಲ ಅಂತ ಬರಿ."

ಅಪ್ಪನ ಬಾಯಲ್ಲಿ ಆ ಮಾತು ನಾನು ಮೊದಲು ಕೇಳಿರಲಿಲ್ಲ. ಅದು ನನಗೆ ಕೊಟ್ಟ ಮಾಫಿ ಎಂದು ತಿಳಿದುಕೊಳ್ಳುವಷ್ಟು ಮುಖ ನನಗಿಲ್ಲ. ಕೀಲಿ ಇನ್ನೂ ಮೊಳೆಯಲ್ಲೇ ಇದೆ. ಮಳೆ ಕಡಿಮೆಯಾದ ಮೇಲೆ ಬಿತ್ತುವ ಹೊತ್ತು ಬರುತ್ತದೆ, ಅತ್ತೆ ಬೀಜ ಕಳಿಸಿದ್ದಾಳೆ, ಪೊಟ್ಟಣ ಅಪ್ಪನ ತಲೆದಿಂಬಿನ ಹತ್ತಿರವಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಊರಿನ ಗುಳ್ಳವನ್ನು ಈ ಕಡೆಯ ಟೆರೇಸಿನಲ್ಲೋ ಬಾಲ್ಕನಿಯಲ್ಲೋ ಯಾರಾದರೂ ಕಾಯಿ ಬಿಡಿಸಿದ್ದರೆ, ಅಥವಾ ಹೂವು ಹೀಗೆ ಏಕೆ ಉದುರುತ್ತದೆಂದು ಬಲ್ಲವರಿದ್ದರೆ, ದಯವಿಟ್ಟು ಸಂಚಿಕೆಯ ವಿಳಾಸಕ್ಕೆ ಬರೆಯಿರಿ. ಲಕೋಟೆಯ ಮೇಲೆ ನನ್ನನ್ನು ಉದ್ದೇಶಿಸಬೇಡಿ. "ಟೆರೇಸಿನ ಮ್ಯಾನೇಜರರಿಗೆ" ಎಂದು ಬರೆದರೆ ಸಾಕು, ಅವರಿಗೆ ತಲುಪಿಸುತ್ತೇನೆ.